ಯೋಸೇಫನ ಎರಡು ಮಾತು

ಸಿಕಂದರಾಬಾದ್
ಗುರುವಾರ

ಸುಂದರಣ್ಣನಿಗೆ,

ಮೊನ್ನೆ ಫೋನಿನಲ್ಲಿ ನೀನು ಅಂದದ್ದು ಹೆಚ್ಚುಕಡಿಮೆ ಹೀಗಿತ್ತು: “ನಾ ಅವತ್ತ ಮಾಡಿದ್ದು ತಪ್ಪು ಐತಿ, ತಮ್ಮಾ. ಆದ್ರ ದೇವರು ಅದರಾಗ ನಿನಗ ಛಲೋನ ಮಾಡ್ಯಾನ. ಬೀದರದಾಗ ಕುಂತಿದ್ರ ಹೀಬ್ರೂ ಮಾಸ್ತರ ಆಗ್ತಿದ್ದೇನು?”

ಬೈಬಲಿನಲ್ಲಿ ತನ್ನನ್ನು ಮಾರಿದ ಅಣ್ಣಂದಿರಿಗೆ ಯೋಸೇಫ ಹೇಳಿದ ಮಾತನ್ನೇ ನೀನು ಭಾನುವಾರ ನಮ್ಮ ಚರ್ಚಿನಲ್ಲಿ ಮಾಡುವ ಪ್ರಸಂಗಕ್ಕೆ ಆರಿಸಿದ್ದೀಯೆಂದು ಪಾದ್ರಿಗಳು ತಿಳಿಸಿದರು. “ನೀವು ನನಗೆ ಕೇಡು ಬಯಸಿದಿರಿ, ಆದರೆ ದೇವರು ಅದರಿಂದ ಒಳ್ಳೆಯದನ್ನು ಬಯಸಿದ.” ಹೀಬ್ರೂ ಮೂಲದಲ್ಲಿ ಆ ‘ಆದರೆ’ ಇಲ್ಲ. ಅದನ್ನು ಸೇರಿಸಿದವರು ನಮ್ಮಂಥ ಅನುವಾದಕರು. ಅಲ್ಲಿರುವುದು ಪಕ್ಕಪಕ್ಕದಲ್ಲಿ ನಿಂತ ಎರಡು ಮಾತು. ಎರಡನೆಯದು ಮೊದಲನೆಯದನ್ನು ಅಳಿಸುವುದಿಲ್ಲ.

ನನಗೆ ಮೂರ್ಛೆರೋಗವಿದೆ ಎಂದು ಸುಗುಣಾಳ ತಂದೆಗೆ ಸುಳ್ಳು ಹೇಳಿ ನೀನು ನಮ್ಮ ಮದುವೆ ತಪ್ಪಿಸಿದೆ. ನಾನು ಬೀದರ್ ಬಿಟ್ಟದ್ದು ಅದಕ್ಕೇ. ಅವಳು ಈಗ ಇಲ್ಲಿಯ ಸಭೆಗೇ ಬರುತ್ತಾಳೆ, ಗಂಡನೊಂದಿಗೆ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಆ ಸುಳ್ಳು ಯಾರದೆಂದು ಕಳೆದ ವಾರ ಅವಳಿಗೆ ತಿಳಿಸಿದೆ.

ಶನಿವಾರವೇ ಬಂದುಬಿಡು, ಬೆಳಗಿನ ರೈಲನ್ನು ನಂಬಬೇಡ. ದೂರದ ಕನ್ನಡಕ ಮರೆಯಬೇಡ. ನಮ್ಮಲ್ಲಿ ಪ್ರಸಂಗ ಮಾಡುವವರು ಆರಾಧನೆ ಮುಗಿಯುವವರೆಗೂ ಸಭೆಗೆ ಮುಖಮಾಡಿ ಕೂರುವುದು ವಾಡಿಕೆ.

ಭಾನುವಾರ ಆ ವಾಕ್ಯ ಓದುವ ಸರದಿ ನನ್ನದು. ‘ಆದರೆ’ ಬಿಟ್ಟೇ ಓದುತ್ತೇನೆ. ಮೊದಲ ಮಾತು ಓದಿ ನಿಲ್ಲಿಸುತ್ತೇನೆ, ಎರಡನೆಯದಕ್ಕೆ ನನಗೆ ಅವಸರವಿಲ್ಲ. ಅಷ್ಟು ಹೊತ್ತು ನೀನು ಯಾರ ಮುಖ ನೋಡುತ್ತಿರುತ್ತೀ, ಅಣ್ಣಾ?

ನಿನ್ನ ತಮ್ಮ,
ಮನೋಹರ