ಗೆರೆ ದಾಟುವಾಗ ಹಿಡಿಯುವ ಕೈ

ಮೆರಿವೆದರ್, ನ್ಯೂಕ್ಯಾಸಲ್
ಫೆಬ್ರವರಿ ೨೩

ಪ್ರೀತಿಯ ರೋ,

ಹೇಗಿದ್ದೀಯ? ಹೋಬಾರ್ಟಿನಲ್ಲಿ ಈಗಲೇ ಸ್ವೆಟರ್ ಹೊರಗೆ ಬಂದಿರಬೇಕು. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಹಾಲು ತೆಗೆಯುವಾಗಲೆಲ್ಲ ನಿನ್ನ ಅಕ್ಷರ ನನ್ನನ್ನೇ ನೋಡುತ್ತದೆ. ‘ಮಾರ್ಚಿನ ಸ್ಪರ್ಧೆ ನೋಡೋಕೆ ನಾನೂ ಬರಲಾ?’ ಎಂದು ನೀನು ಕೇಳಿದ್ದೆ. ಒಂದು ಪದದ ಉತ್ತರ ಸಾಕಿತ್ತು, ಅದನ್ನು ಬರೆಯಲಾಗದೆ ತಡಮಾಡಿದೆ. ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಮಳೆ ಬಿಸಿಲಿನ ಮಾತಾಡಿ ಇಟ್ಟುಬಿಡುತ್ತೇನೆಂದು ನನಗೆ ಗೊತ್ತು. ಅದಕ್ಕೇ ಪತ್ರ. ಉತ್ತರ ಇದರಲ್ಲೇ ಇದೆ, ಆದರೆ ಮೊದಲು ಸುದ್ದಿ.

ಸ್ಕ್ಯಾನ್ ಚೆನ್ನಾಗಿ ಬಂತು. ಎಡಗೈ ಇನ್ನೂ ಊದಿಕೊಳ್ಳುತ್ತದೆ. ಬಿಗಿಯಾದ ತೋಳುಪಟ್ಟಿ ಹಾಕಿಕೊಂಡೇ ಸೈಕಲ್ ತುಳಿಯುತ್ತೇನೆ. ದಿಬ್ಬ ಹತ್ತುವಾಗ ಆಂಗಸ್ ಪಕ್ಕದಲ್ಲೇ ಬರುತ್ತಾನೆ. “ಸೈಕಲ್‌ಗಿಂತ ನೀನೇ ಜಾಸ್ತಿ ಕಿರುಗುಟ್ತೀಯಲ್ಲೇ, ನಿನಗೇ ಎಣ್ಣೆ ಬಿಡ್ಬೇಕು” ಎನ್ನುತ್ತಾನೆ. ಕಟ್ಟಿಕೊಂಡ ಗಂಡನ ಪ್ರೋತ್ಸಾಹ ನೋಡು.

ನಿದ್ದೆಯ ಕಥೆ ಹಳೆಯದೇ. ಕಣ್ಣು ಮುಚ್ಚಿದರೆ ಅಮ್ಮನಿಗೆ ಕ್ಯಾನ್ಸರ್ ಯಾವ ವಯಸ್ಸಿಗೆ ಬಂತು, ನನಗೆ ಯಾವ ವಯಸ್ಸಿಗೆ ಬಂತು ಎಂದು ಶುರುವಾಗಿ ಯೋಚನೆ ಮಗಳು ವಿನಿಯ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿಗೆ ಎದ್ದು ಕೂರುತ್ತೇನೆ. ಅಮ್ಮನ ಕಾಲಕ್ಕೆ ಇಲ್ಲದ ಔಷಧಿ ನನ್ನ ಕಾಲಕ್ಕೆ ಇತ್ತು. ಯಾರೋ ಗುರುತಿಲ್ಲದವರು ಹಣ ಎತ್ತಿದ್ದರು, ಇನ್ನಾರೋ ಪ್ರಯೋಗಾಲಯದಲ್ಲಿ ಬೆನ್ನು ಬಗ್ಗಿಸಿ ಕೂತಿದ್ದರು. ವಿನಿಯ ಕಾಲಕ್ಕೆ ಇದಕ್ಕಿಂತ ಒಳ್ಳೆಯದು ಬರಬೇಕು. ನಾನು ಹಾಸಿಗೆಯಲ್ಲಿ ಹೊರಳಾಡಿದರೆ ಅದು ಬರುವುದಿಲ್ಲ. ಮಾರ್ಚಿನ ಸ್ಪರ್ಧೆಯಲ್ಲಿ ಈಜಿ, ಸೈಕಲ್ ತುಳಿದು, ಓಡಿ, ಕಂಡಕಂಡವರ ಮುಂದೆ ಸಂಶೋಧನೆಗೆಂದು ಡಬ್ಬಿ ಹಿಡಿದರೆ ಬಂದರೂ ಬರಬಹುದು.

ಈಗ ನಗುವ ಸುದ್ದಿ. ಅಲೆ ಬಂದು ತುಂಬುವ ನಮ್ಮ ಸಮುದ್ರದ ಕೊಳ ಗೊತ್ತಲ್ಲ? ಅಲ್ಲಿ ಬೆಳಿಗ್ಗೆ ಮುದುಕರ ದಂಡೊಂದು ಈಜುತ್ತದೆ, ಯಜಮಾನ ಮರ್ವ್ ಎಂಬ ನಿವೃತ್ತ ಕ್ರೇನ್ ಚಾಲಕ. ಹೋದ ತಿಂಗಳು ಈಜುತ್ತಿದ್ದಾಗ ಆತ ಒಮ್ಮೆಲೇ ಕೂಗಿಕೊಂಡ. “ಜೆಲ್ಲಿಮೀನು! ಎಲ್ಲಾ ಮೇಲ್ ಬನ್ರೋ!”

ಎಲ್ಲರ ಜೊತೆ ನಾನೂ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದೆ. ಮರ್ವ್ ಬಲೆ ತಂದು ಅದನ್ನು ಎತ್ತಿ ಕಾಂಕ್ರೀಟಿನ ಮೇಲೆ ಸುರಿದ. “ಇಷ್ಟ್ ದಪ್ಪದ್ದು ನನ್ ಜನ್ಮದಲ್ಲೇ ನೋಡಿಲ್ಲ!”

ನಾನು ಎದೆ ಮುಟ್ಟಿ ನೋಡಿಕೊಂಡೆ. ಎಡಗಡೆ ಖಾಲಿ. ಈಜುಡುಪಿನೊಳಗೆ ಇಟ್ಟುಕೊಳ್ಳುವ, ನೀರಿನ ಬಣ್ಣದ ಸಿಲಿಕೋನ್ ಸ್ತನ ಅದು.

“ಮರ್ವ್, ಅದು ನಂದು.”

“ನಿಂದಾ? ಸಾಕಿದ್ದೀಯೇನಮ್ಮ?”

ನಾನು ಎದೆ ತೋರಿಸಿದೆ. ಆತನ ಮುಖ ಬೀಟ್‌ರೂಟ್ ಆಯಿತು. ಈಜುಟೋಪಿ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಮೊದಲು ನಕ್ಕವಳು ನಾನು ರೋ, ಆಮೇಲೆ ಇಡೀ ದಂಡು. ನಗು ನಿಂತ ಮೇಲೆ ಆತ ಟವೆಲ್ ಕೊಟ್ಟು ಕೇಳಿದ, “ಏನಮ್ಮ, ಯಾರೋ ಬೆನ್ನಟ್ಕೊಂಡ್ ಬಂದಂಗ್ ಈಜ್ತೀಯಲ್ಲ ದಿನಾ?” ಸ್ಪರ್ಧೆಯ ವಿಷಯ ಹೇಳಿದೆ. ಸ್ಪರ್ಧೆಯ ಈಜು ತೆರೆದ ಕಡಲಿನಲ್ಲಿ, ಅಲೆ ಕಂಡರೆ ನನಗೆ ಜೀವ ಹೋಗುತ್ತದೆ ಎಂದೂ ಹೇಳಿದೆ. “ಅಲೆ ಏನ್ ಮಾಡುತ್ತೆ? ಮೇಲ್ ಬಂದ್ರೆ ತಲೆ ತಗ್ಸು, ಹೋದ್ಮೇಲೆ ಎತ್ತು. ನಾಳೆಯಿಂದ ನನ್ ಜೊತೆ ಬಾ.” ಅಂದಿನಿಂದ ಕಡಲಿಗೆ ಇಳಿಯುತ್ತಿದ್ದೇನೆ. ಆ ಸಿಲಿಕೋನು ಈಗ ಬಚ್ಚಲಿನ ಕಿಟಕಿಯ ಮೇಲಿದೆ. ಚಪ್ಪಟೆ ಎದೆಯಲ್ಲೇ ಈಜುತ್ತೇನೆ, ಸ್ಪರ್ಧೆಗೂ ಹಾಗೆಯೇ. ನೋಡುವವರು ನೋಡಿಕೊಳ್ಳಲಿ.

ಮುದುಕರು ‘ಜೆಲ್ಲಿಮೀನುಗಳು’ ಎಂದು ಟೋಪಿಯ ಮೇಲೆ ಅಚ್ಚು ಹಾಕಿಸಿಕೊಂಡಿದ್ದಾರೆ. ಶನಿವಾರ ಹಾರ್ಡ್‌ವೇರ್ ಅಂಗಡಿಯ ಮುಂದೆ ಸಾಸೇಜ್ ಸುಟ್ಟು ಬ್ರೆಡ್ಡಿನಲ್ಲಿ ಸುತ್ತಿ ಮಾರಿದರು, ಬಂದದ್ದೆಲ್ಲ ನನ್ನ ಡಬ್ಬಿಗೆ. ಈರುಳ್ಳಿ ಸಾಸೇಜಿನ ಕೆಳಗೋ ಮೇಲೋ ಎಂದು ಬೆಳಗೆಲ್ಲ ಕಿತ್ತಾಡಿದರು.

ವಿನಿ ಚೆನ್ನಾಗಿದ್ದಾಳೆ, ಎಲ್ಲದಕ್ಕೂ ‘ಬೇಡ’ ಕಲಿತಿದ್ದಾಳೆ. ಆದರೆ ನಾನು ಈಜಿನ ಚೀಲ ಎತ್ತಿದರೆ ಸಾಕು, ಅದನ್ನು ಕಸಿದುಕೊಂಡು ಮೇಜಿನ ಕೆಳಗೆ ಸೇರುತ್ತಾಳೆ. ಆಸ್ಪತ್ರೆಗೆ ಒಯ್ಯುತ್ತಿದ್ದುದೂ ಅದೇ ಚೀಲವಲ್ಲವೇ? “ಈಜೋಕೆ ಪುಟ್ಟಿ, ಆಸ್ಪತ್ರೆಗಲ್ಲ” ಎಂದರೆ ನಂಬುವುದಿಲ್ಲ. ಒಳಗೆ ಕೈಹಾಕಿ ಈಜುಗನ್ನಡಕ, ಟೋಪಿ ಎರಡನ್ನೂ ಮುಟ್ಟಿ ನೋಡಿದ ಮೇಲೇ ಬಿಡುವುದು.

ನಿನ್ನ ಮೊಣಕಾಲು ನೋಡಿಕೋ. ತಪಾಸಣೆಯ ದಿನ ತಪ್ಪಿಸಬೇಡ, ಅಮ್ಮನ ಮಗಳು ನೀನೂ ಹೌದು. ಗಾಳಿ ಬಿಸಿಲು ನಿನ್ನ ಪಾಲಿಗೆ ಹಿತವಾಗಿರಲಿ.

ನಿನ್ನ
ಬ್ರಯೊನಿ

ತಾ.ಕ.: ಉತ್ತರ ಇನ್ನೂ ಬರೆದಿಲ್ಲ, ಅಲ್ಲವೇ?

ಸ್ಪರ್ಧೆಯ ಕೊನೆಯ ತುಸು ದೂರ ಮಕ್ಕಳ ಕೈಹಿಡಿದು ಓಡಲು ಬಿಡುತ್ತಾರೆ. ನಾನು ಇಷ್ಟೆಲ್ಲ ಮಾಡುತ್ತಿರುವುದು ಆ ತುಸು ದೂರಕ್ಕೆ ಎಂದರೂ ತಪ್ಪಿಲ್ಲ. ಕಳೆದ ವಾರ ಅಭ್ಯಾಸದ ಓಟವಿತ್ತು. ಆಂಗಸ್ ವಿನಿಯನ್ನು ಓಟ ಮುಗಿಯುವ ಗೆರೆಯ ಬಳಿ ನಿಲ್ಲಿಸಿದ್ದ. ನಾನು ಬೆವರು ಸುರಿಸುತ್ತ ಕೈ ಚಾಚಿ ಬಂದೆ. ಅವಳು ಹಿಂದೆ ಸರಿದಳು. “ರೋ-ರೋ! ರೋ-ರೋ ಬೇಕು!” ಎಂದು ನೆಲಕ್ಕೆ ಬಿದ್ದು ಅತ್ತಳು. ಪಕ್ಕದವರು ಅದನ್ನು ಗೊಂಬೆಯ ಹೆಸರೆಂದುಕೊಂಡು ನಕ್ಕರು. ನಾನೂ ನಕ್ಕೆ. ಗೆರೆಯನ್ನು ಒಬ್ಬಳೇ ದಾಟಿದೆ.

ಎಂಟು ತಿಂಗಳ ಕೂಸನ್ನು ನಿನ್ನ ಕೈಗೆ ಕೊಟ್ಟೆ. ನೀನು ಕೆಲಸ ಬಿಟ್ಟು ಇಲ್ಲಿಗೆ ಬಂದು ವರ್ಷಕ್ಕೂ ಮೇಲೆ ಸಾಕಿದೆ. ಅವಳ ಮೊದಲ ಹೆಜ್ಜೆಯನ್ನು ನಾನು ಆಸ್ಪತ್ರೆಯಿಂದ ಫೋನಿನಲ್ಲಿ ನೋಡಿದೆ, ಆ ಹೆಜ್ಜೆ ನಿನ್ನ ಕಡೆಗೆ ಇತ್ತು. ನಿನ್ನಿಂದಲೇ ಬದುಕಿದ್ದೇನೆ, ನಿನ್ನ ಮೇಲೇ ಹೊಟ್ಟೆಕಿಚ್ಚು. ನೀನು ಬಂದರೆ ಅವಳು ಎಲ್ಲರೆದುರು ನಿನ್ನ ಕಡೆಗೇ ಓಡುತ್ತಾಳೆ ಎಂದು ಸುಮ್ಮನಿದ್ದೆ.

ಬಾ, ರೋ. ಗೆರೆಯ ಹತ್ತಿರ ಅವಳ ಜೊತೆ ನೀನೇ ನಿಲ್ಲು. ನಾನು ಬಂದಾಗ ಅವಳ ಕೈಯನ್ನು ನನ್ನ ಕೈಗೆ ಕೊಟ್ಟು ನೋಡು. ಅವಳು ನಿನ್ನ ಕೈ ಬಿಡದಿದ್ದರೆ ಬಿಡಿಸಬೇಡ, ಮೂವರೂ ಓಡೋಣ. ಆ ಹಾಳು ಚಪ್ಪಲಿಯಲ್ಲಿ ಬರಬೇಡ, ಶೂ ಹಾಕಿಕೊಂಡು ಬಾ.