ಸ್ವರ ಇದ್ದ ಡಿಸ್ಕು

ಮಾರ್ಚ್ 4, ಮಂಗಳವಾರ

ಎಡಿಟ್ ಮಾಡಿದ ವೀಡಿಯೋದ ರೆಂಡರ್ ಇವತ್ತೂ ಅರ್ಧದಲ್ಲಿ ನಿಂತಿತು. ಪರದೆ ಕಪ್ಪು. ಫ್ಯಾನ್ ಮಾತ್ರ ಬೊಬ್ಬೆ ಹೊಡೆಯುತ್ತಿದೆ. ಧನರಾಜ್ ಹೊಸ ಕ್ಯಾಮೆರಾದಲ್ಲಿ ಮದುವೆ ಮೇಲೆ ಮದುವೆ ಶೂಟ್ ಮಾಡಿ ತಂದು ಸುರಿಯುತ್ತಾನೆ. ಎಡಿಟ್ ಮಾಡುವ ನನ್ನ ಕಂಪ್ಯೂಟರಿಗೆ ಏದುಸಿರು.

ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಅದಕ್ಕೆ ಈಗಿನ ಪವರ್ ಸಪ್ಲೈ ಸಾಲದು, ಅದೂ ಬದಲಾಗಬೇಕು. ಎರಡನ್ನೂ ಧನರಾಜನೇ ಮಂಗಳೂರಿನಿಂದ ತರುತ್ತಾನಂತೆ. ನಾವೇ ಬಿಚ್ಚಿ ಹಾಕುವುದಂತೆ! ನನಗೆ ಸ್ಕ್ರೂ ಡ್ರೈವರ್ ಕಂಡರೇ ಹೆದರಿಕೆ. ಇಡೀ ಸೀಸನ್ನಿನ ಮದುವೆಗಳು ಆ ಡಬ್ಬಿಯೊಳಗೆ ಕೂತಿವೆ.

ಮಾರ್ಚ್ 6, ಗುರುವಾರ

ಜಲಜಾಕ್ಷಿ ಅಕ್ಕ ಬಂದಿದ್ದರು. ನೆಕ್ರಾಜೆಯಿಂದ, ಚೆರ್ಕಳದಲ್ಲಿ ಬಸ್ಸು ಬದಲಿಸಿ, ಈ ಬಿಸಿಲಿಗೆ. ಮಗಳು ಭವ್ಯಶ್ರೀಯ ಮದುವೆ ಜನವರಿಯಲ್ಲಿ ಆಯಿತು, ಅದರ ವೀಡಿಯೋ ನನ್ನಲ್ಲಿದೆ. ಮದುವೆ ಕಳೆದು ಎರಡು ವಾರ ಆಗಿರಲಿಲ್ಲ, ಅಕ್ಕನ ಗಂಡ ಲೋಕನಾಥಣ್ಣ ಹಾರ್ಟ್ ಅಟ್ಯಾಕಿನಲ್ಲಿ ಹೋಗಿಬಿಟ್ಟರು. ಅಪ್ಪನ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿಸಿ ಮಗಳು ಗಂಡನ ಜೊತೆ ಶಾರ್ಜಾಕ್ಕೆ ಹೋದಳು. ಮನೆಯಲ್ಲಿ ಈಗ ಅಕ್ಕ ಒಬ್ಬರೇ.

"ಕಾರು ಹೊರಡುವಾಗ ಅವರು ಕಿಟಕಿ ಹತ್ರ ಬಗ್ಗಿ ಅವಳಿಗೆ ಎಂತದೋ ಹೇಳಿದ್ದಾರೆ ಮಗಾ. ನಾನು ಆಗ ಒಳಗೆ. ಅವಳತ್ರ ಕೇಳಿದ್ರೆ, ಅಳ್ತಾ ಇದ್ದೆ, ನೆನಪಿಲ್ಲ ಅಂತಾಳೆ. ನಿಮ್ಮ ಕ್ಯಾಮೆರಾದಲ್ಲಿ ಉಂಟಲ್ಲ? ನಂಗೆ ಅದೊಂದು ಕೇಳಿದ್ರೆ ಸಾಕು."

ಉಂಟು. ಆ ದೃಶ್ಯವನ್ನು ಎಷ್ಟೋ ಸಲ ನೋಡಿದ್ದೇನೆ. ಸ್ವರ ಮಾತ್ರ ಕೇಳಿಯೇ ಇಲ್ಲ! ಮೂಲ ಫೈಲಿನಲ್ಲಿ ಸ್ವರ ಹಾಗೇ ಇರುತ್ತದೆ, ಎಡಿಟಿಗೆ ತೆಗೆದುಕೊಂಡ ಕೂಡಲೇ ಅದನ್ನು ಮೂಕ ಮಾಡುವುದು, ಆಮೇಲೆ ಮೇಲಿಂದ ಹಾಡು ಹಾಕುವುದು — ನಮ್ಮ ಕೆಲಸವೇ ಹಾಗೆ. ಹೇಳಲು ನಾಚಿಕೆಯಾಯಿತು. ಆಗಲೇ ಕೇಳಿಸೋಣವೆಂದರೆ ಕಂಪ್ಯೂಟರ್ ಏಳಲಿಲ್ಲ.

"ಹೊಸ ಕಾರ್ಡ್ ಹಾಕಿದ ಕೂಡ್ಲೇ ಕೇಳಿಸ್ತೇನೆ ಅಕ್ಕ" ಎಂದೆ. ನನ್ನ ಕೈ ಹಿಡಿದುಕೊಂಡರು. ಬಿಡಲೇ ಇಲ್ಲ.

ಮಾರ್ಚ್ 10, ಸೋಮವಾರ, ಸಂಜೆ

ಸುಟ್ಟ ವಾಸನೆ ಇನ್ನೂ ಹೋಗಿಲ್ಲ.

ಕಾರ್ಡ್ ಚೆನ್ನಾಗಿಯೇ ಕೂತಿತು. ಪವರ್ ಸಪ್ಲೈಯೂ. ಹಳೆಯ ಸಪ್ಲೈಯಿಂದ ಹಾರ್ಡ್ ಡಿಸ್ಕುಗಳಿಗೆ ಹೋಗುವ ಕೇಬಲನ್ನು ಪೆಟ್ಟಿಗೆಯ ಹಿಂಬದಿಯಲ್ಲಿ ಬಿಗಿಯಾಗಿ ಕಟ್ಟಿದ್ದೆವು. "ಬಿಚ್ಚುವುದು ಬೇಡ ಅಕ್ಕ, ಹಳೆಯದೇ ಹೊಸತಕ್ಕೆ ಸರೀ ಕೂರ್ತದೆ, ನೋಡಿ" ಎಂದ ಧನರಾಜ್. ಹೌದು, ಟಕ್ಕೆಂದು ಕೂತಿತು. ನಾನೇ ಒತ್ತಿದ್ದು.

ಸ್ವಿಚ್ ಹಾಕಿದೆ. ಚಿಟ್. ಅಷ್ಟೇ. ಒಂದು ಎಳೆ ಹೊಗೆ. ಕಂಪ್ಯೂಟರ್ ಎದ್ದಿತು, ಹೊಸ ಕಾರ್ಡ್ ಫಳಫಳ. ಮದುವೆಗಳಿದ್ದ ಡಿಸ್ಕುಗಳು ಮಾತ್ರ ಪರದೆಯಲ್ಲಿ ಕಾಣುತ್ತಿಲ್ಲ. ಎರಡೂ ಇಲ್ಲ.

ಮಾರ್ಚ್ 11

ಮಂಗಳೂರಿನ ಡಿಸ್ಕ್ ರಿಪೇರಿಯವರಿಗೆ ಫೋನ್ ಮಾಡಿದೆ. ಕೇಬಲಿನ ಮೂತಿ ಒಂದೇ ಥರ ಇರುತ್ತದಂತೆ, ಒಳಗಿನ ತಂತಿಗಳ ಕ್ರಮ ಒಂದೊಂದು ಕಂಪೆನಿಯದು ಒಂದೊಂದು. ಹೋಗಬಾರದ ಕಡೆ ಹೆಚ್ಚಿನ ಕರೆಂಟ್ ಹೋಗಿದೆ.

ಒಂದು ಹೋದರೆ ಇನ್ನೊಂದಿರಲಿ ಎಂದು ಎರಡು ಡಿಸ್ಕಿನಲ್ಲಿ ಕಾಪಿ ಇಟ್ಟ ಜಾಣೆ ನಾನು. ಎರಡೂ ಅದೇ ಪೆಟ್ಟಿಗೆಯಲ್ಲಿ, ಅದೇ ಕೇಬಲಿನಲ್ಲಿ! ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ಧನರಾಜ್ ಮರುದಿನದ ಮದುವೆಗೆಂದು ಆವತ್ತೇ ಖಾಲಿ ಮಾಡಿದ್ದಾನೆ. ಎಲ್ಲಿಯೂ ಇಲ್ಲ. ದೇವರೇ, ಆ ಹೆಂಗಸಿಗೆ ಎಂತ ಹೇಳಲಿ?

ಮಾರ್ಚ್ 12

ಡಿಸ್ಕುಗಳನ್ನು ಧನರಾಜನ ಕೈಯಲ್ಲಿ ಮಂಗಳೂರಿಗೆ ಕಳಿಸಿದೆ. ಅವರು ಭರವಸೆ ಕೊಡಲಿಲ್ಲ.

ಜಲಜಾಕ್ಷಿ ಅಕ್ಕನ ಫೋನ್. "ಹಾಕಿ ಆಯ್ತಾ ಮಗಾ?" ಬಾಯಿಗೆ ಬಂದ ಸುಳ್ಳು ಹೇಳಿದೆ — ಕಾರ್ಡ್ ಇನ್ನೂ ಬಂದಿಲ್ಲ. "ಅವಸರ ಇಲ್ಲ, ನಿಧಾನ ಮಾಡು" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಈಗ ಫೋನ್ ರಿಂಗಾದರೆ ಮೊದಲು ಹೆಸರು ನೋಡುತ್ತೇನೆ.

ಮಾರ್ಚ್ 18, ಮಂಗಳವಾರ

ತಡೆಯಲಾಗಲಿಲ್ಲ. ತಾಯಿಗೆ ಹೇಳುವ ಧೈರ್ಯವಿಲ್ಲ, ಶಾರ್ಜಾಕ್ಕೆ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ಕಾದೆ.

ಭವ್ಯಶ್ರೀ ಎರಡು ಡಿಸ್ಕೂ ಹೋಯಿತಾ ಎಂದಷ್ಟೇ ಕೇಳಿದಳು. ಆಮೇಲೆ, "ಹೋದ್ರೆ ಹೋಯ್ತು ಅಕ್ಕ. ಬಿಡಿ. ಅಮ್ಮನಿಗೆ ನಾನೇ ಹೇಳ್ತೇನೆ. ರಿಪೇರಿ ಗಿಪೇರಿ ಎಲ್ಲ ಬೇಡ."

ಎಂಥ ಒಳ್ಳೆ ಹುಡುಗಿ! ಫೋನಿಟ್ಟು ಅತ್ತೆ. ರಿಪೇರಿ ಮಾತ್ರ ನಿಲ್ಲಿಸಲಿಲ್ಲ. ಅದು ನನ್ನ ತಪ್ಪಿಗೆ.

ಮಾರ್ಚ್ 24, ಸೋಮವಾರ, ಬೆಳಿಗ್ಗೆ

ಬಂತು! ಒಂದು ಡಿಸ್ಕಿನ ಸುಟ್ಟ ಬೋರ್ಡ್ ಸರಿಮಾಡಿ ಎಲ್ಲ ಫೈಲೂ ತೆಗೆದಿದ್ದಾರೆ. ನಿನ್ನೆ ಸಂಜೆ ಧನರಾಜ್ ತಂದುಕೊಟ್ಟ. ಭವ್ಯಶ್ರೀಯ ಮದುವೆ ಇದೆ. ಕಾರಿನ ಕಿಟಕಿ ಇದೆ. ಹೆಡ್‌ಫೋನ್ ಹಾಕಿ ಮೊದಲ ಸಲ ಸ್ವರ ಕೇಳಿದೆ.

ಲೋಕನಾಥಣ್ಣ ಮೆಲ್ಲಗೆ ಹೇಳುತ್ತಾರೆ: "ಅಮ್ಮನಿಗೆ ಹೇಳ್ಬೇಡ, ಆಯ್ತಾ? ಬೆಳಗ್ಗಿಂದ ಎದೆ ಹಿಡ್ಕೊಂಡ ಹಾಗೆ ಆಗ್ತಾ ಉಂಟು. ಈ ಗಡಿಬಿಡಿ ಎಲ್ಲ ಮುಗೀಲಿ, ಡಾಕ್ಟ್ರಿಗೆ ತೋರಿಸ್ತೇನೆ. ನೀನು ಅಳ್ಬೇಡ."

ಭವ್ಯಶ್ರೀ ತಲೆ ಆಡಿಸುತ್ತಾಳೆ. ಆಶೀರ್ವಾದ ಎಂದುಕೊಂಡು ಅದರ ಮೇಲೆ ನಾನು ಹಾಡು ಹಾಕಿದ್ದೆ.

ಅವಳಿಗೆ ಎಲ್ಲ ನೆನಪಿದೆ. ಮದುವೆ ಕಳೆದು ಅಪ್ಪ ಬದುಕಿದ್ದ ಅಷ್ಟೂ ದಿನ ಅಮ್ಮನ ಹತ್ತಿರ ಬಾಯಿ ಬಿಡಲಿಲ್ಲ, ಅವರು ಹೇಳಿದ ಹಾಗೆ.

ಅದೇ ದಿನ, ಮಧ್ಯಾಹ್ನ

ಭವ್ಯಶ್ರೀಗೆ ಮೆಸೇಜ್ ಹಾಕಿದೆ, ಅಪ್ಪನ ಸ್ವರ ಕೇಳಿದೆ ಎಂದಷ್ಟೇ. ಕೂಡಲೇ ಉತ್ತರ. "ಅಮ್ಮನಿಗೆ ಕೇಳಿಸ್ಬೇಡಿ ಅಕ್ಕ. ನಿಮ್ಮ ಕಾಲು ಹಿಡೀತೇನೆ. ಡಿಲೀಟ್ ಮಾಡಿ." ಆಮೇಲೆ ಫೋನ್ ಮೇಲೆ ಫೋನ್. ಎತ್ತಲಿಲ್ಲ.

ಡಿಲೀಟ್ ಮಾಡಲು ಕೈ ಬರುವುದಿಲ್ಲ. ಆ ಮನುಷ್ಯನ ಸ್ವರ ಅಂತ ಇರುವುದು ಇದೊಂದೇ.

ಜಲಜಾಕ್ಷಿ ಅಕ್ಕ ಬಂದರು, ಹೇಳದೆ ಕೇಳದೆ. ಧನರಾಜ್ ಚೆರ್ಕಳದಲ್ಲಿ ಸಿಕ್ಕಿ, ಡಿಸ್ಕ್ ಸರಿಯಾಗಿದೆ ಎಂದನಂತೆ. ಇಸ್ತ್ರಿ ಮಾಡಿದ ಸೀರೆ, ಒಪ್ಪವಾಗಿ ಬಾಚಿದ ತಲೆ, ಯಾರನ್ನೋ ನೋಡಲು ಹೊರಟವರ ಹಾಗೆ. ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿಯುತ್ತಿದ್ದಾರೆ. ಒಂದು ನಿಮಿಷ ಎಂದು ಒಳಗೆ ಬಂದು ಕೂತಿದ್ದೇನೆ. ಹೆದರಿಕೆಗೆ ಇದನ್ನು ಬರೆಯುತ್ತಿದ್ದೇನೆ, ಬೇರೆಂತ ಮಾಡುವುದೆಂದು ಗೊತ್ತಿಲ್ಲ.

"ಹಾಡು ಎಲ್ಲ ಬೇಡ ಮಗಾ" ಎನ್ನುತ್ತಿದ್ದಾರೆ ಹೊರಗಿನಿಂದ. "ಅವರ ಸ್ವರ ಮಾತ್ರ ಹಾಕು."

ಲೋಟ ಕೆಳಗಿಟ್ಟ ಸದ್ದು. ಏಳುತ್ತಿದ್ದಾರೆ. ಅಕ್ಕ, ಕೂತುಕೊಳ್ಳಿ ಎನ್ನಬೇಕು. ಆಮೇಲೆ ಹೆಡ್‌ಫೋನ್ ಕೊಡಲೋ, ಸ್ವರ ಸಿಗಲಿಲ್ಲ ಎನ್ನಲೋ —