ನುಗ್ಗೆ ಸೊಪ್ಪಿಲ್ಲದ ಕೋಳಿಸಾರು

ಮೊಮ್ಮಗಳೇ ಲಿವಾಯ್,

ಆಸ್ಪತ್ರೆಯಲ್ಲಿರುವ ನಿನ್ನ ತಮ್ಮ ದಾದೋಯ್ ಹತ್ತಿರ ಹೊರಟೆ. ನಿಮ್ಮಮ್ಮನ ಶವಪೆಟ್ಟಿಗೆ ಬಳಿ ಯಾರಾದರೂ ಕೂತಿರಲಿ, ದೀಪ ಆರಬಾರದು.

ಚಿಕ್ಕವರು ನಿನ್ನೆಯಿಂದ ಬರೀ ಬಿಸ್ಕತ್ತು ತಿಂದಿದ್ದಾರೆ. ಕೋಳಿ ಕತ್ತರಿಸಿಟ್ಟಿದ್ದೇನೆ. ಶುಂಠಿ ಹುರಿದು, ಹಸಿ ಪಪ್ಪಾಯಿ ಹಾಕಿ ತಿನೋಲಾ ಸಾರು ಮಾಡು. ನುಗ್ಗೆ ಸೊಪ್ಪು ಮಾತ್ರ ಬೇಡ. ಹೆಣ ಮನೆಯಲ್ಲಿರುವಾಗ ಅದನ್ನು ಹಾಕಿದರೆ, ಅದರ ಎಲೆ ಉದುರಿದ ಹಾಗೆ ಮನೆಯವರು ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ. "ಅಯ್ಯೋ ಲೋಲಾ, ಸೊಪ್ಪು ಯಾರನ್ನ ಕೊಲ್ಲತ್ತೆ?" ಅಂತ ನಗಬೇಡ. ನಿನ್ನ ತಾತ ಸತ್ತಾಗ ಯಾರೋ ಹಾಕಿದರು. ಹಿಂದೆಯೇ ನಿನ್ನ ಸೋದರಮಾವನೂ ಹೋದ.

ಡಾಕ್ಟರು ಭರವಸೆ ಕೊಡುತ್ತಿಲ್ಲ. ಕೋಳಿಯ ಒಂದು ಕಾಲು ದಾದೋಯ್‌ಗೆ ಎತ್ತಿಡು. ನಾನು ಬಂದು "ಅದನ್ನೂ ಚಿಕ್ಕವರಿಗೆ ಹಂಚು" ಅಂದರೆ, ಅವರ ಮುಂದೆ ಏನೂ ಕೇಳಬೇಡ.

ನಿನ್ನ ಅಜ್ಜಿ, ಲೋಲಾ